ಸಂಕೇತದ ವಿಳಂಬ ಮತ್ತು ವೇಗಭೇದ: ಕಡೂರು, ತರೀಕೆರೆ, ಅಜ್ಜಂಪುರ ಸೀಮೆಯ ವಾರ್ತಾಮಾರ್ಗಗಳನ್ನು ಕುರಿತು ಒಂದು ಐತಿಹಾಸಿಕ ವಿವೇಚನೆ

೧

ಕಡೂರು ಸೀಮೆಯ ಇತಿಹಾಸವನ್ನು ಬರೆಯಹೊರಟವರು ಮೊದಲು ಕೈಗೆತ್ತಿಕೊಳ್ಳುವುದು ಶಾಸನಗಳನ್ನು. ಬಿ. ಎಲ್. ರೈಸ್ ಅವರು ೧೯೦೧ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯ ಕರ್ನಾಟಿಕದ ಆರನೆಯ ಸಂಪುಟವು ಅಂದಿನ ಕಡೂರು ಜಿಲ್ಲೆಯ ಶಾಸನಗಳಿಗೇ ಮೀಸಲಾದುದು. ತರೀಕೆರೆಗೆ ಸಮೀಪದ ಅಮೃತಾಪುರದಲ್ಲಿ, ಹೊಯ್ಸಳ ಇಮ್ಮಡಿ ಬಲ್ಲಾಳನ ಕಾಲದಲ್ಲಿ, ೧೧೯೬ರಲ್ಲಿ ನಿರ್ಮಿತವಾದ ಅಮೃತೇಶ್ವರ ದೇವಾಲಯವನ್ನೂ ಅಲ್ಲಿಯ ಶಿಲಾಶಾಸನವನ್ನೂ ಅರಿಯದ ಇತಿಹಾಸ ವಿದ್ಯಾರ್ಥಿಗಳು ವಿರಳ. ಶಾಸನಕ್ಕೆ ಒಂದು ವಿಶೇಷ ಗುಣವುಂಟು. ಅದು ನಿಂತಲ್ಲಿಯೇ ನಿಂತಿರುತ್ತದೆ; ಓದುವವನೇ ಅದರ ಬಳಿಗೆ ನಡೆದುಹೋಗಬೇಕು. ಆದುದರಿಂದ ಬರೆದ ಅಕ್ಷರಗಳ ಅನುಕ್ರಮವು ಪ್ರಯಾಣದಲ್ಲಿ ಕೆಡುವ ಪ್ರಶ್ನೆಯೇ ಅಲ್ಲಿ ಇಲ್ಲ.

ಇದಕ್ಕೆ ವಿರುದ್ಧವಾದುದು ಸಂಕೇತ. ಓದುವವನು ಇದ್ದಲ್ಲಿಯೇ ಇದ್ದು, ವಾರ್ತೆಯೇ ಅವನ ಬಳಿಗೆ ಬರುವ ವ್ಯವಸ್ಥೆಗೆ ತಂತಿ, ರೇಡಿಯೋ, ಗಾಜಿನೆಳೆ ಎಂಬ ಮೂರು ಬಗೆಯ ಮಾರ್ಗಗಳು ಕಳೆದ ನೂರೈವತ್ತು ವರ್ಷಗಳಿಗೂ ಮೀರಿದ ಅವಧಿಯಲ್ಲಿ ಒಂದರ ಹಿಂದೊಂದು ಒದಗಿಬಂದಿವೆ. ಈ ಮಾರ್ಗಗಳ ಚರಿತ್ರೆಯನ್ನು ಬರೆಯುವಾಗ ನಾವು ಸಾಮಾನ್ಯವಾಗಿ ಎರಡೇ ಸಂಗತಿಗಳನ್ನು ದಾಖಲಿಸುತ್ತೇವೆ: ಮಾರ್ಗವು ಯಾವ ವರ್ಷ ಬಂದಿತು, ವಾರ್ತೆಯು ಎಷ್ಟು ಬೇಗ ಮುಟ್ಟಿತು. ವಾರ್ತೆಯು ಯಾವ ರೂಪದಲ್ಲಿ ಮುಟ್ಟಿತು ಎಂಬ ಮೂರನೆಯ ಪ್ರಶ್ನೆಯನ್ನು ನಾವು ಕೇಳುವುದೇ ಇಲ್ಲ. ಅದನ್ನು ಭೌತವಿಜ್ಞಾನಿಗಳಿಗೆ ಬಿಟ್ಟುಬಿಡುವುದು ನಮ್ಮ ವಾಡಿಕೆ.

ಈ ವಾಡಿಕೆ ಸಾಧುವಲ್ಲವೆಂಬುದು ನಮ್ಮ ಅಭಿಪ್ರಾಯ. ಸಂಕೇತವು ತಡವಾಗಿ ಬರುವುದು ಒಂದು ದೋಷವಲ್ಲ. ಅದರ ಅಂಗಾಂಗಗಳು ಬೇರೆಬೇರೆ ಹೊತ್ತಿಗೆ ಬರುವುದೇ ನಿಜವಾದ ದೋಷ. ಈ ಭೇದವನ್ನು ಗುರುತಿಸಲು ವಿಜ್ಞಾನವು ಪಟ್ಟ ಪ್ರಯಾಸವೇ ಆಧುನಿಕ ವಾರ್ತಾಸಂಚಾರದ ಚರಿತ್ರೆಯ ಒಳತಿರುಳು. ಕಡೂರು, ತರೀಕೆರೆ, ಅಜ್ಜಂಪುರ ಎಂಬ ಮೂರು ಊರುಗಳ ಸೀಮೆಯನ್ನು ಮುಂದಿಟ್ಟುಕೊಂಡು, ತಂತಿಯಿಂದ ಮೊದಲುಗೊಂಡು ಬೆಳಕಿನ ಎಳೆಯಲ್ಲಿ ರೇಡಿಯೋ ಸಂಕೇತವನ್ನು ತಡೆದು ಕಳುಹಿಸುವ ಇಂದಿನ ವ್ಯವಸ್ಥೆಯವರೆಗೆ ಈ ಎಳೆಯನ್ನು ಹಿಡಿದು ನಡೆಯುವುದು ಪ್ರಸ್ತುತ ಲೇಖನದ ಉದ್ದೇಶ.

೨

ಮೊದಲು ಸ್ಥಳದ ವಿಚಾರ. ಇಂದಿನ ಚಿಕ್ಕಮಗಳೂರು ಜಿಲ್ಲೆಯು ಹಿಂದೆ ಕಡೂರು ಜಿಲ್ಲೆಯೆಂದೇ ಪ್ರಸಿದ್ಧವಾಗಿದ್ದಿತು. ಬಾಬಾಬುಡನ್ ಗಿರಿಶ್ರೇಣಿಯ ಮೂಡಣ ಮಗ್ಗುಲಿನಲ್ಲಿ, ಮಲೆನಾಡು ಮುಗಿದು ಬಯಲುನಾಡು ಆರಂಭವಾಗುವಲ್ಲಿ ಈ ಮೂರು ಊರುಗಳು ನೆಲಸಿವೆ. ಈಗ ಪ್ರತ್ಯೇಕ ತಾಲ್ಲೂಕಾಗಿರುವ ಅಜ್ಜಂಪುರವು ಹಿಂದೆ ತರೀಕೆರೆ ತಾಲ್ಲೂಕಿಗೆ ಸೇರಿದ್ದಿತು.

ಮೂರು ಊರುಗಳನ್ನೂ ಒಂದೇ ಸೂತ್ರದಲ್ಲಿ ಕಟ್ಟಿದುದು ರೈಲುಮಾರ್ಗ. ಬೆಂಗಳೂರಿನಿಂದ ಹರಿಹರದ ಕಡೆಗೆ ಹೋಗುವ ಮಾರ್ಗವು ಸದರ್ನ್ ಮರಾಠ ರೈಲ್ವೆಯ ಆಡಳಿತದಲ್ಲಿ ೧೮೮೯ರ ವೇಳೆಗೆ ಪೂರ್ಣವಾಯಿತು. ಅರಸೀಕೆರೆಯನ್ನು ಬಿಟ್ಟು ಉತ್ತರಕ್ಕೆ ಬರುವ ಈ ಹಳಿಯು ಕಡೂರನ್ನೂ ಬೀರೂರನ್ನೂ ಮುಟ್ಟಿ, ಅಜ್ಜಂಪುರದ ಮೇಲೆ ಹಾದು ಚಿಕ್ಕಜಾಜೂರು, ದಾವಣಗೆರೆಗಳ ಕಡೆಗೆ ಸಾಗುತ್ತದೆ. ಬೀರೂರಿನಿಂದ ಕವಲೊಡೆದು ತರೀಕೆರೆಯ ಮೂಲಕ ಶಿವಮೊಗ್ಗಕ್ಕೆ ಹೋಗುವ ಶಾಖೆಯು ೧೮೯೯ರಲ್ಲಿ ಸಿದ್ಧವಾಯಿತು. ಹೀಗೆ ಕಡೂರಿನಿಂದ ಹೊರಟ ಪ್ರಯಾಣಿಕರು ಬೀರೂರಿನವರೆಗೆ ಒಂದೇ ಗಾಡಿಯಲ್ಲಿ ಬಂದು, ಅಲ್ಲಿಂದ ಮುಂದೆ ಕೆಲವರು ಅಜ್ಜಂಪುರಕ್ಕೂ ಕೆಲವರು ತರೀಕೆರೆಗೂ ಹೋಗುವಂತಾಯಿತು. ಅಂದಿನ ರೈಲ್ವೆಗಳ ವಾಡಿಕೆಯಂತೆ ಹಳಿಯ ಜೊತೆಗೆ ತಂತಿಕಂಬಗಳೂ ಬಂದುವು. ಒಂಟಿಹಳಿಯ ಮೇಲೆ ಎದುರುಬದಿರಾಗಿ ಗಾಡಿಗಳನ್ನು ನಡೆಸಬೇಕಾದರೆ, ಮುಂದಿನ ನಿಲ್ದಾಣದ ಅನುಮತಿಯು ಗಾಡಿಗಿಂತ ಮೊದಲು ಬರಬೇಕಷ್ಟೆ. ಈ ಸೀಮೆಯಲ್ಲಿ ತಂತಿಯು ಐಶ್ವರ್ಯವಂತರ ಸೌಕರ್ಯವಾಗಿ ಮಾತ್ರ ಬಂದುದಲ್ಲ; ಗಾಡಿಗಳು ಒಂದಕ್ಕೊಂದು ಡಿಕ್ಕಿ ಹೊಡೆಯದಂತೆ ಕಾಯುವ ಕಾವಲಾಗಿಯೂ ಬಂದಿತು.

ಇಲ್ಲಿಯೇ ವಿಳಂಬಕ್ಕೂ ವೇಗಭೇದಕ್ಕೂ ಇರುವ ಅಂತರವನ್ನು ಒಂದು ದೃಷ್ಟಾಂತದಿಂದ ಸ್ಪಷ್ಟಪಡಿಸಿಕೊಳ್ಳಬಹುದು. ಕಡೂರಿನಿಂದ ಅಜ್ಜಂಪುರಕ್ಕೆ ಮದುವೆಯ ದಿಬ್ಬಣವೊಂದು ಮೂರು ಗಾಡಿಗಳಲ್ಲಿ ಹೊರಟಿತೆಂದು ಭಾವಿಸೋಣ. ಒಂದರಲ್ಲಿ ವರ, ಒಂದರಲ್ಲಿ ಪುರೋಹಿತರು, ಒಂದರಲ್ಲಿ ವಾಲಗದವರು. ಮೂರೂ ಗಾಡಿಗಳು ಎರಡು ಗಳಿಗೆ ತಡವಾದರೆ ಮುಹೂರ್ತವನ್ನು ಮುಂದಕ್ಕೆ ಹಾಕಬಹುದು. ದಿಬ್ಬಣವು ದಿಬ್ಬಣವಾಗಿಯೇ ಬಂದಿರುತ್ತದೆ. ಆದರೆ ಒಂದು ಗಾಡಿಗೆ ಅಜ್ಜಂಪುರದ ತಳಿಕೇಂದ್ರದಿಂದ ಹೆಸರಾದ ಅಮೃತಮಹಲ್ ಎತ್ತುಗಳನ್ನೂ ಇನ್ನೊಂದಕ್ಕೆ ಬಡಕಲು ಎತ್ತುಗಳನ್ನೂ ಕಟ್ಟಿದ್ದರೆ, ವಾಲಗದವರು ಬಂದು ಊದಿ ಸುಸ್ತಾದ ಮೇಲೆ ವರನು ಬರುವಂತಾಗುತ್ತದೆ. ಯಾರೊಬ್ಬರೂ ದಾರಿಯಲ್ಲಿ ಕಳೆದುಹೋಗಿಲ್ಲ; ಆದರೂ ದಿಬ್ಬಣವೆಂಬುದು ಉಳಿದಿಲ್ಲ. ಮೊದಲನೆಯದು ವಿಳಂಬ. ಎರಡನೆಯದನ್ನು ವಿಜ್ಞಾನಿಗಳು ಡಿಸ್ಪರ್ಷನ್ ಎನ್ನುತ್ತಾರೆ. ಪಟ್ಟಕದ ಮೂಲಕ ಹಾಯ್ದ ಬೆಳಕಿನ ಸಂದರ್ಭದಲ್ಲಿ ಇದಕ್ಕೆ ವರ್ಣವಿಭಜನೆಯೆಂಬ ಹೆಸರು ನಮ್ಮ ಪಠ್ಯಗಳಲ್ಲಿ ರೂಢವಾಗಿದೆ. ತಂತಿಗೂ ರೇಡಿಯೋಗೂ ಬೆಳಕಿಗೂ ಸಮಾನವಾಗಿ ಅನ್ವಯಿಸುವಂತೆ ನಾವು ಇದನ್ನು ಈ ಲೇಖನದಲ್ಲಿ ವೇಗಭೇದವೆಂದು ಕರೆಯುವೆವು.

೩

ಭಾರತದಲ್ಲಿ ತಂತಿಯ ಪ್ರಯೋಗವನ್ನು ಮೊದಲು ಮಾಡಿದವನು ವೈದ್ಯನಾಗಿದ್ದ ವಿಲಿಯಂ ಓಷಾಘ್ನೆಸಿ. ಅದು ೧೮೩೯ರಲ್ಲಿ, ಕಲ್ಕತ್ತೆಯ ಸಮೀಪದಲ್ಲಿ. ೧೮೫೧ರಲ್ಲಿ ಕಲ್ಕತ್ತೆಗೂ ಡೈಮಂಡ್ ಹಾರ್ಬರಿಗೂ ನಡುವೆ ಮಾರ್ಗವು ತೆರೆಯಿತು. ೧೮೫೫ರಲ್ಲಿ ಸಾರ್ವಜನಿಕರಿಗೆ ಅದರ ಸೌಲಭ್ಯವು ದೊರೆಯಿತು. ಕಂಬಗಳ ಮೇಲೆ ಗಾಳಿಯಲ್ಲಿ ಹಾದುಹೋಗುವ ಈ ತಂತಿಗಳಲ್ಲಿ ಮುಖ್ಯ ತೊಂದರೆಯೆಂದರೆ ವಿದ್ಯುತ್ತಿನ ಸೋರಿಕೆ. ಆದರೆ ಸಮುದ್ರದ ತಳದಲ್ಲಿ ಹಾಸಿದ ಕೇಬಲ್ಲಿನಲ್ಲಿ ಬೇರೊಂದು ವಿಚಿತ್ರವು ಕಾಣಿಸಿಕೊಂಡಿತು. ಇತ್ತ ತುದಿಯಲ್ಲಿ ಚುರುಕಾಗಿ ಒತ್ತಿದ ಸಂಕೇತವು ಅತ್ತ ತುದಿಯಲ್ಲಿ ನಿಧಾನವಾಗಿ ಏರಿ, ಇನ್ನೂ ನಿಧಾನವಾಗಿ ಇಳಿಯುತ್ತಿದ್ದಿತು. ಒಂದು ಸಂಕೇತದ ಬಾಲವು ಮುಂದಿನದರ ತಲೆಯ ಮೇಲೆ ಬಿದ್ದು ಎರಡೂ ಅಸ್ಪಷ್ಟವಾಗುತ್ತಿದ್ದುವು.

ಮುಂದೆ ಲಾರ್ಡ್ ಕೆಲ್ವಿನ್ ಎಂದು ಪ್ರಖ್ಯಾತನಾದ ವಿಲಿಯಂ ಥಾಮ್ಸನ್ನನು ೧೮೫೪-೫೫ರಲ್ಲಿ ಇದರ ಗಣಿತವನ್ನು ರಚಿಸಿದನು. ಕೇಬಲ್ಲಿನ ಉದ್ದವು ಎರಡು ಪಟ್ಟಾದರೆ ಸಂಕೇತವು ಹರಡಿಕೊಳ್ಳುವ ಕಾಲವು ನಾಲ್ಕು ಪಟ್ಟಾಗುವುದೆಂಬುದು ಅವನ ನಿರ್ಣಯ. ೧೮೫೮ರ ಆಗಸ್ಟಿನಲ್ಲಿ ಅಟ್ಲಾಂಟಿಕ್ ಸಾಗರದ ಅಡಿಯಲ್ಲಿ ಮೊದಲ ಕೇಬಲ್ಲು ಕೆಲಸಮಾಡಲು ತೊಡಗಿದಾಗ, ವಿಕ್ಟೋರಿಯಾ ರಾಣಿಯು ಅಮೆರಿಕದ ಅಧ್ಯಕ್ಷ ಬುಕಾನನ್ನನಿಗೆ ಕಳುಹಿಸಿದ ೯೮ ಪದಗಳ ಸಂದೇಶವು ಪೂರ್ಣವಾಗಿ ಮುಟ್ಟಲು ಸುಮಾರು ೧೬ ಗಂಟೆಗಳು ಹಿಡಿದುವು. ಇದನ್ನು ಸರಿಪಡಿಸಲು ಕೇಬಲ್ಲಿನ ವಿದ್ಯುತ್ ತಜ್ಞನಾದ ವೈಟ್‌ಹೌಸನು ಅತಿಯಾದ ವಿದ್ಯುದೊತ್ತಡವನ್ನು ಪ್ರಯೋಗಿಸಿದನು. ಕೆಲವೇ ವಾರಗಳಲ್ಲಿ ಕೇಬಲ್ಲು ಮೂಕವಾಯಿತು. ಮಸಕಾದ ಸಂಕೇತವನ್ನು ಬಲದಿಂದ ಸ್ಪಷ್ಟಗೊಳಿಸಲಾಗದು ಎಂಬ ಪಾಠವನ್ನು ಜಗತ್ತು ಹೀಗೆ ದುಬಾರಿ ಬೆಲೆ ತೆತ್ತು ಕಲಿಯಿತು. ೧೮೬೬ರ ಕೇಬಲ್ಲು ಗೆದ್ದುದು, ಥಾಮ್ಸನ್ನನು ಒತ್ತಿಹೇಳಿದ ಉತ್ತಮ ತಾಮ್ರ, ದಪ್ಪನಾದ ಹೊದಿಕೆ, ಸೂಕ್ಷ್ಮವಾದ ಕನ್ನಡಿ ಗ್ಯಾಲ್ವನಾಮೀಟರು ಇವುಗಳಿಂದ.

ಇದಕ್ಕಿಂತಲೂ ಮುಂದುವರಿದ ವಿಚಾರವನ್ನು ಮಾಡಿದವನು, ತಾನೇ ತಂತಿಕಚೇರಿಯಲ್ಲಿ ದುಡಿದಿದ್ದ ಆಲಿವರ್ ಹೆವಿಸೈಡ್. ೧೮೮೭ರಲ್ಲಿ ಅವನು ತಂತಿಯ ನಾಲ್ಕು ಗುಣಗಳನ್ನು ಒಟ್ಟಿಗೆ ಪರಿಗಣಿಸಿದನು: ತಡೆ, ಸೋರಿಕೆ, ವಿದ್ಯುತ್ತನ್ನು ಕೂಡಿಟ್ಟುಕೊಳ್ಳುವ ಧಾರಕತೆ, ಪ್ರವಾಹದ ಬದಲಾವಣೆಯನ್ನು ವಿರೋಧಿಸುವ ಪ್ರೇರಕತೆ. ತಡೆಗೂ ಪ್ರೇರಕತೆಗೂ ಇರುವ ಪ್ರಮಾಣವು ಸೋರಿಕೆಗೂ ಧಾರಕತೆಗೂ ಇರುವ ಪ್ರಮಾಣಕ್ಕೆ ಸಮವಾದರೆ, ಸಂಕೇತವು ಕುಗ್ಗಿದರೂ ರೂಪಗೆಡದೆ ಹೋಗುವುದೆಂದು ಅವನು ತೋರಿಸಿದನು. ಬ್ರಿಟಿಷ್ ಅಂಚೆ ಇಲಾಖೆಯ ಪ್ರಮುಖ ಎಂಜಿನಿಯರನಾಗಿದ್ದ ಪ್ರೀಸನು ಈ ಮತವನ್ನು ಒಪ್ಪಲಿಲ್ಲ. ಆದರೆ ೧೮೯೯-೧೯೦೦ರ ವೇಳೆಗೆ ಅಮೆರಿಕದಲ್ಲಿ ಪ್ಯೂಪಿನ್ ಮತ್ತು ಕ್ಯಾಂಪ್‌ಬೆಲ್ಲರು ತಂತಿಯ ನಡುನಡುವೆ ಸುರುಳಿಗಳನ್ನು ಜೋಡಿಸಿ ದೂರದ ಟೆಲಿಫೋನನ್ನು ಸಾಧ್ಯಗೊಳಿಸಿದಾಗ ಹೆವಿಸೈಡನ ಮಾತು ಸತ್ಯವೆಂದು ಸಿದ್ಧವಾಯಿತು. ಬೀರೂರಿನಿಂದ ತರೀಕೆರೆಯ ಶಾಖೆಯು ಪೂರ್ಣಗೊಂಡುದೂ ಇದೇ ೧೮೯೯ರಲ್ಲಿಯೇ ಎಂಬುದನ್ನು ಇಲ್ಲಿ ನೆನೆಯಬಹುದು.

ಹೆವಿಸೈಡನ ಸೂತ್ರದಿಂದ ಒಂದು ವಿರೋಧಾಭಾಸವು ಹೊರಡುತ್ತದೆ. ಮಲೆನಾಡಿನ ಅಂಚಿನ ತಂತಿಮಾರ್ಗಗಳಲ್ಲಿ ಮಳೆಗಾಲವು ಕಷ್ಟದ ಕಾಲ; ಕಂಬದ ಪಿಂಗಾಣಿಗಳು ತೊಯ್ದು ವಿದ್ಯುತ್ತು ನೆಲಕ್ಕೆ ಸೋರುತ್ತದೆ, ಸಂಕೇತವು ಕ್ಷೀಣಿಸುತ್ತದೆ. ಆದರೆ ಸೂತ್ರದ ಪ್ರಕಾರ, ಸಾಮಾನ್ಯ ತಂತಿಯಲ್ಲಿ ಸೋರಿಕೆಯು ಒಂದು ಮಿತಿಯವರೆಗೆ ಹೆಚ್ಚಿದರೆ ವೇಗಭೇದವು ಕಡಿಮೆಯಾಗುತ್ತದೆ. ಕ್ಷೀಣಿಸಿದ ಸಂಕೇತವು ಕೆಟ್ಟ ಸಂಕೇತವೆಂದೇ ಅಲ್ಲ. ಬಲವಾಗಿ ಬಂದುದು ನಿಷ್ಠವಾಗಿ ಬಂದುದೆಂದೂ ಅಲ್ಲ. ನಷ್ಟವು ಒಂದು, ವಿಕಾರವು ಮತ್ತೊಂದು. ಈ ಎರಡನ್ನೂ ಬೇರ್ಪಡಿಸಿ ನೋಡುವ ಅಭ್ಯಾಸವನ್ನು ಮುಂದಿನ ಅಧ್ಯಾಯಗಳಲ್ಲಿಯೂ ಬಿಡಕೂಡದು.

೪

ಎರಡನೆಯ ಮಾರ್ಗವು ರೇಡಿಯೋ. ಮೈಸೂರಿನಲ್ಲಿ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ೧೯೩೫ರಲ್ಲಿ ತಮ್ಮ ಮನೆಯಿಂದಲೇ ಪ್ರಸಾರವನ್ನು ಆರಂಭಿಸಿದುದು ಕನ್ನಡಿಗರಿಗೆ ಹೆಮ್ಮೆಯ ವಿಷಯ; ಆಕಾಶವಾಣಿಯೆಂಬ ಹೆಸರು ಆ ಕೇಂದ್ರದ ಮೂಲಕವೇ ಪ್ರಚಾರಕ್ಕೆ ಬಂದಿತು. ಬೆಂಗಳೂರು ಕೇಂದ್ರವು ೧೯೫೫ರಲ್ಲಿಯೂ, ತರೀಕೆರೆಗೆ ನೆರೆಯದಾದ ಭದ್ರಾವತಿಯ ಕೇಂದ್ರವು ೧೯೬೫ರಲ್ಲಿಯೂ ಪ್ರಾರಂಭವಾದುವು.

ಹತ್ತಿರದ ಮಧ್ಯಮತರಂಗದ ಕೇಂದ್ರವು ಹಗಲಿನಲ್ಲಿ ನಿಶ್ಚಲವಾಗಿ ಕೇಳಿಸುವುದು. ಆದರೆ ರಾತ್ರಿಯಲ್ಲಿ ದೂರದ ಕೇಂದ್ರಗಳನ್ನು ಹಿಡಿದು ಕೇಳುತ್ತಿದ್ದ ಶ್ರೋತೃಗಳಿಗೆ ಒಂದು ಅನುಭವವು ಚಿರಪರಿಚಿತವಾಗಿದ್ದಿತು. ಹಾಡು ಸ್ಪಷ್ಟವಾಗಿ ಕೇಳಿಬರುತ್ತಿರುವಾಗಲೇ ಕ್ರಮೇಣ ತಗ್ಗುವುದು, ತಗ್ಗುವಾಗ ಧ್ವನಿಯು ಬರಿದೆ ಕ್ಷೀಣಿಸುವುದಿಲ್ಲ, ಒಡೆದ ಕಂಠದಂತೆ ವಿಕಾರವಾಗುವುದು, ಮರಳಿ ಸರಿಹೋಗುವುದು. ಇದಕ್ಕೆ ಕಾರಣವು ಹೀಗಿದೆ. ಕತ್ತಲಾದ ಮೇಲೆ ಮೇಲಣ ಅಯಾನುಗೋಳವು ರೇಡಿಯೋ ಅಲೆಗಳನ್ನು ನೆಲಕ್ಕೆ ಹಿಂದಿರುಗಿಸುತ್ತದೆ. ಒಂದೇ ಪ್ರಸಾರವು ಎರಡು ದಾರಿಗಳಲ್ಲಿ ಬಂದು ಸೇರುತ್ತದೆ. ಆ ದಾರಿಗಳ ಉದ್ದದಲ್ಲಿ ೩೦ ಕಿಲೋಮೀಟರುಗಳ ವ್ಯತ್ಯಾಸವಿದ್ದರೆ ಕಾಲದಲ್ಲಿ ಒಂದು ಸೆಕೆಂಡಿನ ಹತ್ತು ಸಾವಿರದಲ್ಲೊಂದು ಭಾಗದ ಅಂತರವಾಗುತ್ತದೆ. ಅಷ್ಟರಿಂದ, ಪ್ರತಿ ೧೦ ಕಿಲೋಹರ್ಟ್ಸಿಗೆ ಒಂದೊಂದು ಆವರ್ತಾಂಕದಲ್ಲಿ ಎರಡು ಅಲೆಗಳೂ ಪರಸ್ಪರ ಅಳಿಸಿಕೊಳ್ಳುವುವು. ಮಾತು ಸಂಗೀತಗಳನ್ನು ಹೊತ್ತ ಮಧ್ಯಮತರಂಗದ ಪ್ರಸಾರವು ಸುಮಾರು ಅಷ್ಟೇ ಅಗಲವಾದ ಪಟ್ಟಿಯನ್ನು ಆಕ್ರಮಿಸುವುದರಿಂದ, ಅಳಿವ ಬಿಂದುವು ಅದರೊಳಗೇ ಎಲ್ಲಿಯೋ ಬೀಳುತ್ತದೆ. ನಡುವಣ ವಾಹಕ ತರಂಗವೇ ಅಳಿದರೆ ಧ್ವನಿಯು ಒಡೆಯುತ್ತದೆ.

ಇಲ್ಲಿ ಭೇದವಿರುವುದು ವೇಗದಲ್ಲಲ್ಲ, ದಾರಿಯ ಉದ್ದದಲ್ಲಿ. ಆದಕಾರಣ ಇದು ಕಟ್ಟುನಿಟ್ಟಾದ ಅರ್ಥದಲ್ಲಿ ವೇಗಭೇದವಲ್ಲ. ಆದರೆ ಫಲವು ಅದರ ಹತ್ತಿರದ ಬಂಧು. ವಾಹಕ ತರಂಗವೂ ಅದರ ಇಕ್ಕೆಲಗಳ ಪಾರ್ಶ್ವಪಟ್ಟಿಗಳೂ ಹೊರಟ ಹೊಂದಾಣಿಕೆಯಲ್ಲಿಯೇ ಬಂದು ಸೇರಿದರೆ ಮಾತ್ರ ಮಾತು ಮಾತಾಗಿರುತ್ತದೆಂಬುದು ಎರಡರಲ್ಲಿಯೂ ಒಂದೇ ಸತ್ಯ. ಧ್ವನಿಯ ಕೀಲನ್ನು ಎಷ್ಟು ತಿರುಗಿಸಿದರೂ ಈ ವಿಕಾರವು ಹೋಗದೆಂಬುದನ್ನು ನಮ್ಮ ಹಿರಿಯರು ಅನುಭವದಿಂದಲೇ ಬಲ್ಲವರಾಗಿದ್ದರು. ವೈಟ್‌ಹೌಸನಿಗೆ ಒಂದು ಕೇಬಲ್ಲಿನ ಬೆಲೆಗೆ ತಿಳಿದುಬಂದುದೂ ಇದೇ.

೫

ಮೂರನೆಯ ಮಾರ್ಗವು ಗಾಜಿನೆಳೆ. ಪಂಜಾಬಿನ ಮೋಗಾದಲ್ಲಿ ಜನಿಸಿದ ನರಿಂದರ್ ಸಿಂಗ್ ಕಪಾನಿಯವರು ೧೯೫೦ರ ದಶಕದ ಆದಿಯಲ್ಲಿ ಲಂಡನ್ನಿನಲ್ಲಿ ಹಾಪ್ಕಿನ್ಸರೊಡನೆ ಗಾಜಿನೆಳೆಗಳ ಕಂತೆಯ ಮೂಲಕ ಚಿತ್ರಗಳನ್ನು ಸಾಗಿಸಿ ತೋರಿಸಿದರು. ಅಂದಿನ ಗಾಜಿನಲ್ಲಿ ಬೆಳಕು ಕೆಲವೇ ಮೀಟರುಗಳಲ್ಲಿ ಕುಂದಿಹೋಗುತ್ತಿದ್ದಿತು. ೧೯೬೬ರಲ್ಲಿ ಚಾರ್ಲ್ಸ್ ಕಾವೊ ಮತ್ತು ಹಾಕ್‌ಹ್ಯಾಮರು, ಗಾಜನ್ನು ಪರಿಶುದ್ಧಗೊಳಿಸಿ ನಷ್ಟವನ್ನು ಕಿಲೋಮೀಟರಿಗೆ ೨೦ ಡೆಸಿಬೆಲ್ಲಿಗೆ ಇಳಿಸಿದರೆ ದೂರವಾರ್ತೆಗೆ ಅದು ಸಾಕೆಂದು ವಾದಿಸಿದರು. ೧೯೭೦ರಲ್ಲಿ ಅಮೆರಿಕದ ಕಾರ್ನಿಂಗ್ ಸಂಸ್ಥೆಯು ಅದನ್ನು ಸಾಧಿಸಿತು. ಇಂದಿನ ಎಳೆಗಳಲ್ಲಿ ೧೫೫೦ ನ್ಯಾನೋಮೀಟರ್ ತರಂಗಾಂತರದ ಬೆಳಕಿಗೆ ನಷ್ಟವು ಕಿಲೋಮೀಟರಿಗೆ ಸುಮಾರು ೦.೨ ಡೆಸಿಬೆಲ್ ಮಾತ್ರ. ಕಾವೊ ಅವರಿಗೆ ೨೦೦೯ರಲ್ಲಿ ನೊಬೆಲ್ ಪಾರಿತೋಷಕವು ಸಂದಿತು. ನಮ್ಮ ದೇಶದಲ್ಲಿ ರೈಲುಹಳಿಗಳ ಬದಿಯಲ್ಲಿ ಗಾಜಿನೆಳೆಯನ್ನು ಹಾಸಿ ನಡೆಸಲು ರೈಲ್‌ಟೆಲ್ ಸಂಸ್ಥೆಯು ೨೦೦೦ದಲ್ಲಿ ಸ್ಥಾಪಿತವಾಯಿತು. ಸಾರ್ವಜನಿಕ ತಂತಿಸೇವೆಯು ೨೦೧೩ರ ಜುಲೈಯಲ್ಲಿ ಮುಕ್ತಾಯಗೊಂಡಿತು. ಹಳಿಯ ಪಕ್ಕದ ನೆಲವು ತಂತಿಯಿಂದ ಬೆಳಕಿಗೆ ಹೀಗೆ ಹಸ್ತಾಂತರವಾಯಿತು.

ನಷ್ಟವು ತಗ್ಗಿದೊಡನೆ ವೇಗಭೇದವು ತಲೆಯೆತ್ತಿತು. ಇದು ಆಕಸ್ಮಿಕವಲ್ಲ. ದಾರಿಯು ಚಿಕ್ಕದಾಗಿದ್ದಾಗ ಗಾಡಿಗಳ ನಡುವಣ ಅಂತರವು ಗೋಚರಿಸುವುದಿಲ್ಲ. ದಾರಿಯು ಉದ್ದವಾದಷ್ಟೂ ಅದು ಬೆಳೆಯುತ್ತದೆ. ೧೫೫೦ ನ್ಯಾನೋಮೀಟರಿನ ಸುತ್ತಮುತ್ತ ಸಾಮಾನ್ಯ ಎಳೆಯಲ್ಲಿ, ತರಂಗಾಂತರದಲ್ಲಿ ಒಂದು ನ್ಯಾನೋಮೀಟರಿನ ವ್ಯತ್ಯಾಸವುಳ್ಳ ಎರಡು ಬೆಳಕುಗಳು ಪ್ರತಿ ಕಿಲೋಮೀಟರಿಗೆ ಸುಮಾರು ೧೭ ಪೀಕೋಸೆಕೆಂಡಿನಂತೆ ಅಗಲುತ್ತವೆ. ಪೀಕೋಸೆಕೆಂಡೆಂದರೆ ಸೆಕೆಂಡಿನ ಲಕ್ಷಕೋಟಿಯಲ್ಲಿ ಒಂದು ಭಾಗ.

ಈಗ ರೇಡಿಯೋ ಸಂಕೇತವನ್ನು ತಡೆದು ಕಳುಹಿಸುವ ವ್ಯವಸ್ಥೆಗೆ ಬರೋಣ. ರೇಡಾರನ್ನು ಪರೀಕ್ಷಿಸಬೇಕಾದರೆ, ಅದರ ಸಂಕೇತವನ್ನು ಹಿಡಿದು, ತಕ್ಕಷ್ಟು ಕಾಲ ನಿಲ್ಲಿಸಿ, ದೂರದ ವಿಮಾನದಿಂದ ಮರಳಿದ ಪ್ರತಿಧ್ವನಿಯೋ ಎಂಬಂತೆ ಹಿಂದಿರುಗಿಸಬೇಕು. ಅನೇಕ ಆಂಟೆನಾಗಳನ್ನು ಕೂಡಿಸುವಲ್ಲಿಯೂ, ಒಂದೊಂದರ ಸಂಕೇತವನ್ನು ಬೇರೆಬೇರೆ ಪ್ರಮಾಣದಲ್ಲಿ ತಡೆಯಬೇಕಾಗುತ್ತದೆ. ತಾಮ್ರದ ಕೇಬಲ್ಲಿನಲ್ಲಿ ಇಂಥ ದೀರ್ಘ ವಿಳಂಬವನ್ನು ಪಡೆಯಹೋದರೆ ಸಂಕೇತವೇ ಉಳಿಯದು. ಆದಕಾರಣ ರೇಡಿಯೋ ಅಲೆಯ ಏರಿಳಿತವನ್ನು ಲೇಸರಿನ ಬೆಳಕಿನ ಮೇಲೆ ಹೇರಿ, ಸುರುಳಿ ಸುತ್ತಿದ ಗಾಜಿನೆಳೆಯಲ್ಲಿ ಓಡಿಸಿ, ಕೊನೆಯಲ್ಲಿ ಬೆಳಕುಗ್ರಾಹಿಯಿಂದ ರೇಡಿಯೋ ಅಲೆಯನ್ನು ಮರಳಿ ಪಡೆಯುತ್ತಾರೆ. ಕಿಲೋಮೀಟರೊಂದಕ್ಕೆ ಸುಮಾರು ೪.೯ ಮೈಕ್ರೋಸೆಕೆಂಡಿನಂತೆ, ೫೦ ಕಿಲೋಮೀಟರಿನ ಎಳೆಯು ೨೪೫ ಮೈಕ್ರೋಸೆಕೆಂಡಿನ ವಿಳಂಬವನ್ನು ಕೊಡುತ್ತದೆ. ರೇಡಾರಿನ ದೃಷ್ಟಿಯಲ್ಲಿ ಇದು ಸುಮಾರು ೩೭ ಕಿಲೋಮೀಟರ್ ದೂರದ ವಸ್ತುವಿಗೆ ಸಮಾನ. ಎಳೆಯಲ್ಲಿ ಬೆಳಕಿನ ಹತ್ತರಲ್ಲೊಂದು ಭಾಗವು ಉಳಿದು ಬರುತ್ತದೆ. ವರ್ಧಕದಿಂದ ಅದನ್ನು ತುಂಬಿಕೊಳ್ಳಬಹುದು.

ಆದರೆ ರೇಡಿಯೋ ಅಲೆಯನ್ನು ಹೇರಿದೊಡನೆ ಬೆಳಕು ಏಕವರ್ಣವಾಗಿ ಉಳಿಯುವುದಿಲ್ಲ. ನಡುವೆ ಮೂಲ ಬೆಳಕೆಂಬ ವಾಹಕ, ಅದರ ಇಕ್ಕೆಲಗಳಲ್ಲಿ ರೇಡಿಯೋ ಆವರ್ತಾಂಕದಷ್ಟು ದೂರದಲ್ಲಿ ಎರಡು ಪಾರ್ಶ್ವಪಟ್ಟಿಗಳು, ಹೀಗೆ ಮೂರು ವರ್ಣಗಳಾಗುತ್ತವೆ. ನಮ್ಮ ದಿಬ್ಬಣದ ಮೂರು ಗಾಡಿಗಳು ಇವೇ. ಬೆಳಕುಗ್ರಾಹಿಯು ವಾಹಕವನ್ನು ಮೇಲಣ ಪಟ್ಟಿಯೊಡನೆ ಬೆರಸಿ ಒಂದು ರೇಡಿಯೋ ಅಲೆಯನ್ನೂ, ಕೆಳಗಣ ಪಟ್ಟಿಯೊಡನೆ ಬೆರಸಿ ಇನ್ನೊಂದನ್ನೂ ಹುಟ್ಟಿಸುತ್ತದೆ. ಇವೆರಡೂ ಹೊಂದಿಕೊಂಡು ಬಂದರೆ ಒಂದಕ್ಕೊಂದು ಬಲಕೊಡುತ್ತವೆ. ವೇಗಭೇದದಿಂದ ಒಂದು ಮುಂದಾಗಿ ಇನ್ನೊಂದು ಹಿಂದುಳಿದು, ಅವುಗಳ ಅಂತರವು ರೇಡಿಯೋ ಅಲೆಯ ಅರ್ಧ ಆವರ್ತದಷ್ಟಾದರೆ, ಒಂದರ ಉಬ್ಬರದ ಮೇಲೆ ಇನ್ನೊಂದರ ಇಳಿತವು ಬಿದ್ದು ಎರಡೂ ಅಳಿದುಹೋಗುತ್ತವೆ. ೫೦ ಕಿಲೋಮೀಟರಿನ ಎಳೆಯಲ್ಲಿ ಇದು ಸುಮಾರು ೮.೬ ಗಿಗಾಹರ್ಟ್ಸಿನಲ್ಲಿ ಸಂಭವಿಸುತ್ತದೆ. ಆ ಅಲೆಯ ಒಂದು ಆವರ್ತವು ೧೧೭ ಪೀಕೋಸೆಕೆಂಡು. ಎರಡು ಜೋಡಿಗಳ ನಡುವಣ ಅಂತರವು ಸುಮಾರು ೫೮ ಪೀಕೋಸೆಕೆಂಡು. ಬೆಳಕು ಬಂದಿರುತ್ತದೆ, ಮೂರು ವರ್ಣಗಳೂ ಬಂದಿರುತ್ತವೆ. ರೇಡಿಯೋ ಸಂಕೇತವು ಮಾತ್ರ ಇರುವುದಿಲ್ಲ. ಎಳೆಯು ೧೦ ಕಿಲೋಮೀಟರಾದರೆ ಈ ಅಳಿವು ೧೯ ಗಿಗಾಹರ್ಟ್ಸಿಗೂ, ೧೦೦ ಕಿಲೋಮೀಟರಾದರೆ ೬ ಗಿಗಾಹರ್ಟ್ಸಿಗೂ ಸರಿಯುತ್ತದೆ. ಅಳಿವ ಆವರ್ತಾಂಕವು ಎಳೆಯ ಉದ್ದದ ವರ್ಗಮೂಲಕ್ಕೆ ವಿಲೋಮವಾಗಿರುವುದೆಂಬುದು ಇಲ್ಲಿಯ ನಿಯಮ. ಉದ್ದವು ಹಾನಿಯನ್ನು ಬೆಳೆಸುವ ಬಗೆಯನ್ನು ಗಣಿತದಿಂದ ಮುಂಚಿತವಾಗಿಯೇ ತಿಳಿಯಬಹುದೆಂಬ ಥಾಮ್ಸನ್ನನ ವಿಚಾರಪದ್ಧತಿಯು, ನೂರೈವತ್ತು ವರ್ಷಗಳ ಅನಂತರವೂ ಬೆಳಕಿನಲ್ಲಿ ಕೆಲಸಮಾಡುತ್ತಿರುವುದನ್ನು ವಾಚಕರು ಗಮನಿಸಬೇಕು.

೬

ಈ ದೋಷಕ್ಕೆ ಪರಿಹಾರಗಳು ಹಲವುಂಟು. ಪ್ರತಿಯೊಂದಕ್ಕೂ ತಕ್ಕ ಬೆಲೆಯೂ ಉಂಟು. ಒಂದು ಪಾರ್ಶ್ವಪಟ್ಟಿಯನ್ನು ಮೊದಲೇ ತೆಗೆದುಹಾಕಿ, ವಾಹಕವನ್ನೂ ಉಳಿದೊಂದು ಪಟ್ಟಿಯನ್ನೂ ಮಾತ್ರ ಕಳುಹಿಸಬಹುದು. ಜಗಳವಾಡಲು ಇನ್ನೊಂದು ಜೋಡಿಯೇ ಇಲ್ಲವಾದ್ದರಿಂದ ಅಳಿವು ತಪ್ಪುತ್ತದೆ, ಆದರೆ ಉಪಕರಣವು ಜಟಿಲವಾಗುತ್ತದೆ. ಸಾಮಾನ್ಯ ಎಳೆಯಲ್ಲಿ ವೇಗಭೇದವು ಬಹುಮಟ್ಟಿಗೆ ಶೂನ್ಯವಾಗುವ ೧೩೧೦ ನ್ಯಾನೋಮೀಟರಿನ ಬೆಳಕನ್ನು ಬಳಸಬಹುದು. ಅಲ್ಲಿ ನಷ್ಟವು ಕಿಲೋಮೀಟರಿಗೆ ೦.೩೫ ಡೆಸಿಬೆಲ್ಲಿನಷ್ಟಿರುವುದರಿಂದ, ೫೦ ಕಿಲೋಮೀಟರಿನ ಕೊನೆಯಲ್ಲಿ ಹತ್ತರಲ್ಲೊಂದರ ಬದಲು ಐವತ್ತರಲ್ಲೊಂದಕ್ಕೂ ಕಡಿಮೆ ಬೆಳಕು ಉಳಿಯುತ್ತದೆ. ವಿರುದ್ಧ ಸ್ವಭಾವದ ಎಳೆಯೊಂದನ್ನು ಜೋಡಿಸಿ, ಹಿಂದುಳಿದ ವರ್ಣವು ಮುಂದಿನದನ್ನು ಹಿಡಿಯುವಂತೆ ಮಾಡುವುದು ಮೂರನೆಯ ಮಾರ್ಗ. ಕಿಲೋಮೀಟರಿಗೆ ೧೦೦ ಪೀಕೋಸೆಕೆಂಡಿನ ವಿಲೋಮ ವೇಗಭೇದವುಳ್ಳ ಎಳೆಯಾದರೆ ೮.೫ ಕಿಲೋಮೀಟರು ಸಾಕು. ಅದು ತಾನೇ ಸೇರಿಸುವ ವಿಳಂಬವನ್ನು ಲೆಕ್ಕದಲ್ಲಿ ಹಿಡಿಯಬೇಕು. ಇವೆಲ್ಲದರಲ್ಲಿಯೂ ಸಮಾನವಾದ ಅಂಶವೆಂದರೆ, ಯಾವೊಂದೂ ಸಂಕೇತವನ್ನು ಬಲಪಡಿಸುವ ಉಪಾಯವಲ್ಲ. ಎಲ್ಲವೂ ಅದರ ಅಂಗಗಳನ್ನು ಮತ್ತೆ ಹೊಂದಿಸುವ ಉಪಾಯಗಳು.

ಇನ್ನು, ದೋಷವೇ ಉಪಕರಣವಾದ ಸಂದರ್ಭವೂ ಉಂಟು. ೧೦ ಕಿಲೋಮೀಟರ್ ಎಳೆಯಲ್ಲಿ ಲೇಸರಿನ ವರ್ಣವನ್ನು ಒಂದು ನ್ಯಾನೋಮೀಟರಿನಷ್ಟು ಬದಲಿಸಿದರೆ ಸಂಕೇತದ ಆಗಮನವು ೧೭೦ ಪೀಕೋಸೆಕೆಂಡಿನಷ್ಟು ಬದಲಾಗುತ್ತದೆ. ಅಷ್ಟರಲ್ಲಿ ರೇಡಿಯೋ ಅಲೆಯು ಗಾಳಿಯಲ್ಲಿ ಸುಮಾರು ಐದು ಸೆಂಟಿಮೀಟರು ಚಲಿಸುತ್ತದೆ. ಎಳೆಯನ್ನು ಕತ್ತರಿಸದೆ, ಜೋಡಿಸದೆ, ವರ್ಣವನ್ನು ಮಾತ್ರ ತಿರುಗಿಸಿ ವಿಳಂಬವನ್ನು ನಿಯಂತ್ರಿಸುವ ಈ ಕ್ರಮದಿಂದ, ಸಾಲುಸಾಲಾದ ಆಂಟೆನಾಗಳ ದೃಷ್ಟಿಯನ್ನು ಅವು ನಿಂತಲ್ಲಿಯೇ ಬೇರೆ ದಿಕ್ಕಿಗೆ ಹೊರಳಿಸಲು ೧೯೯೦ರ ದಶಕದಿಂದ ಪ್ರಯೋಗಗಳು ನಡೆದಿವೆ.

೭

ಕೊನೆಯದಾಗಿ, ವೇಗಭೇದವು ದೋಷವೂ ಅಲ್ಲದೆ, ಉಪಕರಣವೂ ಅಲ್ಲದೆ, ಸಾಕ್ಷ್ಯವೇ ಆಗುವ ಸಂದರ್ಭವನ್ನು ಪರಿಶೀಲಿಸಬೇಕು. ಇದಕ್ಕಾಗಿ ಕಡೂರು ಸೀಮೆಯನ್ನು ಬಿಟ್ಟು ಕರ್ನಾಟಕದ ಮೂಡಣ ಬಯಲಿನ ಗೌರಿಬಿದನೂರಿಗೆ ಹೋಗುವುದು ಅಗತ್ಯ. ಅಲ್ಲಿ ರಾಮನ್ ಸಂಶೋಧನಾ ಸಂಸ್ಥೆಯೂ ಭಾರತೀಯ ಖಗೋಳಭೌತ ಸಂಸ್ಥೆಯೂ ೧೯೭೦ರ ದಶಕದಲ್ಲಿ ಒಟ್ಟಾಗಿ ಕಟ್ಟಿದ ರೇಡಿಯೋ ದೂರದರ್ಶಕವು ಸಾವಿರ ಡೈಪೋಲುಗಳಿಂದ ಕೂಡಿದ್ದು, ೩೪.೫ ಮೆಗಾಹರ್ಟ್ಸಿನಲ್ಲಿ ಆಕಾಶವನ್ನು ಆಲಿಸುವಂತೆ ರಚಿತವಾಗಿದ್ದಿತು. ಅದರ ಮೂಡಣ-ಪಡುವಣ ತೋಳು ೧.೪ ಕಿಲೋಮೀಟರ್ ಉದ್ದ.

೧೯೬೭ರಲ್ಲಿ ಪತ್ತೆಯಾದ ಪಲ್ಸಾರ್ ನಕ್ಷತ್ರಗಳು ಗಡಿಯಾರದಂತೆ ಕ್ರಮಬದ್ಧವಾಗಿ ರೇಡಿಯೋ ಮಿಡಿತಗಳನ್ನು ಕಳುಹಿಸುತ್ತವೆ. ನಕ್ಷತ್ರಗಳ ನಡುವಣ ಬಯಲಿನಲ್ಲಿ ವಿರಳವಾಗಿ ಹರಡಿರುವ ಎಲೆಕ್ಟ್ರಾನುಗಳು ಕೆಳಗಣ ಆವರ್ತಾಂಕದ ಅಲೆಗಳನ್ನು ಹೆಚ್ಚು ತಡೆಯುತ್ತವೆ. ಎಲೆಕ್ಟ್ರಾನುಗಳ ಮೊತ್ತವನ್ನು ಸೂಚಿಸುವ ಖಗೋಳವಿಜ್ಞಾನಿಗಳ ಮಾನದಲ್ಲಿ ೧೦ ಎಂಬ ಸಾಧಾರಣ ಬೆಲೆಯನ್ನು ಹಿಡಿದರೆ, ೩೪.೫ ಮೆಗಾಹರ್ಟ್ಸಿನಲ್ಲಿ ಈ ತಡೆಯು ಸುಮಾರು ೩೫ ಸೆಕೆಂಡುಗಳಾಗುತ್ತದೆ. ಕೇವಲ ಒಂದು ಮೆಗಾಹರ್ಟ್ಸ್ ಅಗಲದ ಪಟ್ಟಿಯಲ್ಲಿಯೇ ಮೇಲಣ ಅಂಚಿಗೂ ಕೆಳಗಣ ಅಂಚಿಗೂ ಎರಡು ಸೆಕೆಂಡುಗಳ ಅಂತರ ಬೀಳುತ್ತದೆ. ಸೆಕೆಂಡಿಗೊಮ್ಮೆ ಮಿಡಿಯುವ ನಕ್ಷತ್ರದ ಮಿಡಿತಗಳು ಹೀಗೆ ಒಂದರೊಳಗೊಂದು ಕರಗಿ ಕಾಣದಾಗುತ್ತವೆ. ಪಟ್ಟಿಯನ್ನು ನೂರಾರು ಕಿರುಪಟ್ಟಿಗಳಾಗಿ ಸೀಳಿ, ಒಂದೊಂದನ್ನೂ ಅದರ ವಿಳಂಬಕ್ಕೆ ತಕ್ಕಂತೆ ಹಿಂದೆಮುಂದೆ ಸರಿಸಿ ಕೂಡಿಸಿದಾಗ ಮಿಡಿತವು ಮತ್ತೆ ಮೂಡುತ್ತದೆ. ಇಷ್ಟೇ ಅಲ್ಲ: ಎಷ್ಟು ಸರಿಸಬೇಕಾಯಿತೆಂಬ ಲೆಕ್ಕವೇ, ನಮಗೂ ಆ ನಕ್ಷತ್ರಕ್ಕೂ ನಡುವೆ ಎಷ್ಟು ಎಲೆಕ್ಟ್ರಾನುಗಳಿವೆಯೆಂಬುದನ್ನು ತಿಳಿಸುತ್ತದೆ. ಯಾರೂ ನಡೆದುಹೋಗದ ದಾರಿಯ ವರದಿಯನ್ನು ಕೆಟ್ಟ ಸಂಕೇತವೇ ಒಪ್ಪಿಸುತ್ತದೆ.

ಪುಣೆಗೆ ಉತ್ತರದಲ್ಲಿ ನಾರಾಯಣಗಾಂವ್ ಸಮೀಪದ ಬೃಹತ್ ಮೀಟರ್‌ತರಂಗ ದೂರದರ್ಶಕದಲ್ಲಿ ಈ ಎರಡು ವೇಗಭೇದಗಳೂ ಒಂದೇ ಕಡೆ ಸೇರುತ್ತವೆ. ಅಲ್ಲಿಯ ೩೦ ಆಂಟೆನಾಗಳಿಂದ ಸಂಕೇತಗಳು ಕೇಂದ್ರಕ್ಕೆ ಬರುವುದು ಗಾಜಿನೆಳೆಗಳ ಮೂಲಕ. ೨೦ ಕಿಲೋಮೀಟರಿನ ಎಳೆಯಲ್ಲಿ ೧.೪ ಗಿಗಾಹರ್ಟ್ಸಿನ ಸಂಕೇತಕ್ಕೆ ಪಾರ್ಶ್ವಪಟ್ಟಿಗಳ ಜಗಳದಿಂದಾಗುವ ಹಾನಿಯು, ಹಿಂದೆ ಹೇಳಿದ ಸೂತ್ರದಂತೆ, ಸಾವಿರದಲ್ಲಿ ಒಂದು ಪಾಲಿಗೂ ಕಡಿಮೆ. ಆ ಅಲ್ಪಸ್ವಲ್ಪವನ್ನು ಮರೆಯಬಹುದು. ಆಕಾಶದ ವೇಗಭೇದವನ್ನು ಮಾತ್ರ ಅಳೆದು ಬರೆದಿಡಬೇಕು. ಮಾರ್ಗಗಳ ಚರಿತ್ರಕಾರನಿಗೂ ಇದೇ ವಿವೇಕವು ಬೇಕು: ಯಾವ ವಿಕಾರವು ಉಪೇಕ್ಷಣೀಯ, ಯಾವುದು ಪ್ರಮಾಣವೆಂಬ ವಿವೇಕ.

೮

ಇತಿಹಾಸ ವಿದ್ಯಾರ್ಥಿಗಳಿಗೆ ಈ ತತ್ತ್ವವು ಹೊಸದೇನೂ ಅಲ್ಲ. ತಾಳೆಯೋಲೆಯ ಗ್ರಂಥವನ್ನು ಸಂಪಾದಿಸುವವರು, ಲಿಪಿಕಾರನ ತಪ್ಪುಗಳನ್ನು ತಿದ್ದಿ ಎಸೆಯುವುದಕ್ಕೆ ಮೊದಲು ಅವನ್ನು ಎಣಿಸಿಡುತ್ತಾರೆ. ಎರಡು ಪ್ರತಿಗಳಲ್ಲಿ ಒಂದೇ ತಪ್ಪು ಕಂಡರೆ ಅವೆರಡೂ ಒಂದೇ ಮಾತೃಕೆಯಿಂದ ಬಂದುವೆಂದು ಊಹಿಸುತ್ತಾರೆ. ತಪ್ಪು ಪಾಠಗಳೇ ಗ್ರಂಥವು ನಡೆದುಬಂದ ದಾರಿಯ ಗುರುತುಗಳು. ಗ್ರಂಥಸಂಪಾದಕನು ಓಲೆಗಳಲ್ಲಿ ಮಾಡುವುದನ್ನು ರೇಡಿಯೋ ಖಗೋಳವಿಜ್ಞಾನಿಯು ಅಲೆಗಳಲ್ಲಿ ಮಾಡುತ್ತಾನೆ.

ಇದರಿಂದ ಪ್ರಾದೇಶಿಕ ಇತಿಹಾಸಕ್ಕೆ ದೊರೆಯುವ ಸೂಚನೆಯು ಇಷ್ಟು. ಕಡೂರಿಗೆ ಹಳಿ ಬಂದ ವರ್ಷ, ತರೀಕೆರೆಗೆ ಶಾಖೆ ಬಂದ ವರ್ಷ, ಅಜ್ಜಂಪುರವು ತಾಲ್ಲೂಕಾದ ವರ್ಷ ಇವುಗಳನ್ನು ಬರೆದಮಾತ್ರಕ್ಕೆ ಮಾರ್ಗಗಳ ಚರಿತ್ರೆಯು ಮುಗಿಯುವುದಿಲ್ಲ. ಒಂದು ಆಜ್ಞೆ, ಒಂದು ಧಾರಣೆ, ಒಂದು ಮರಣವಾರ್ತೆ ಈ ಸೀಮೆಯ ಒಂದೊಂದು ಊರಿಗೆ ಒಂದೊಂದು ಹೊತ್ತಿಗೆ, ಒಂದೊಂದು ಅಂಗವಾಗಿ ಮುಟ್ಟಿದಾಗ, ಆ ಭೇದವೇ ನಡುವಣ ಸಮಾಜದ ರಚನೆಯನ್ನು ಹೇಳುತ್ತದೆ. ನಿಲ್ದಾಣವಿದ್ದ ಊರಿಗೆ ಮೊದಲು ತಿಳಿದುದು ಹಳಿಯಿಂದ ದೂರದ ಹಳ್ಳಿಗೆ ಯಾವಾಗ, ಎಷ್ಟು ತಿಳಿಯಿತೆಂಬುದು ಗೌಣವಾದ ಪ್ರಶ್ನೆಯಲ್ಲ. ನಿಲ್ದಾಣಗಳ ಹಳೆಯ ದಿನವಹಿಗಳು, ತಂತಿಯ ನಕಲುಗಳು, ಅಂಚೆಯ ಮುದ್ರೆ ಬಿದ್ದ ಕಾಗದಗಳು ಈ ದೃಷ್ಟಿಯಿಂದ ಶಾಸನಗಳಷ್ಟೇ ಬೆಲೆಯುಳ್ಳವು. ಆದರೆ ಅವು ಕಲ್ಲಿನಂತೆ ಬಾಳತಕ್ಕವಲ್ಲ. ಶಿಲಾಶಾಸನವನ್ನು ಎಂಟು ಶತಮಾನಗಳ ಮೇಲೆಯೂ ಓದಬಹುದು. ತೊಯ್ದು ಗೆದ್ದಲು ಹಿಡಿದ ದಿನವಹಿಯನ್ನು ಎಂಬತ್ತು ವರ್ಷಗಳ ಮೇಲೆ ಓದಲಾಗದು. ಗೆರೆಗೆರೆಯಾಗಿ ವೇಳೆಯನ್ನು ಗುರುತಿಸಿದ ಈ ಕಾಗದಗಳನ್ನು ಊರೂರುಗಳಲ್ಲಿ ಹುಡುಕಿ, ಬಂದ ವೇಳೆಯನ್ನೂ ಬಂದ ರೂಪವನ್ನೂ ಒಟ್ಟಿಗೆ ಪಟ್ಟಿಮಾಡುವ ಕಾರ್ಯವನ್ನು ನಮ್ಮ ವಿಭಾಗದ ಸಂಶೋಧನ ವಿದ್ಯಾರ್ಥಿಗಳು ಕೈಗೊಳ್ಳುವುದು ಅತ್ಯಾವಶ್ಯಕ. ವಿಳಂಬವನ್ನು ಕಾಲವು ತುಂಬಿಕೊಡುತ್ತದೆ. ಚದುರಿದುದನ್ನು ಕೂಡಿಸುವುದು ಮಾತ್ರ ಓದುವವನ ಹೊಣೆ.